ಕುರಿ ಹಿಂಡಿನ ಕಂದು ರೋಗ ಮತ್ತು ಮನುಷ್ಯರನ್ನು ಕಾಡುವ ಮರುಕಳಿಸುವ ಜ್ವರ

ಪ್ರಶ್ನೆ: ನಾವು ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನವರು. ತಂದೆಯವರಿಗೆ 52 ವರ್ಷ, ಕುರಿ ಸಾಕಣೆಯೇ ನಮ್ಮ ಕಸುಬು. ಎರಡು ತಿಂಗಳಿಂದ ಅವರಿಗೆ ಸಂಜೆಯಾದರೆ ಜ್ವರ ಬರುತ್ತದೆ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರುತ್ತಾರೆ, ಬೆಳಿಗ್ಗೆ ಏನೂ ಆಗದವರಂತೆ ಎದ್ದು ಕೂರುತ್ತಾರೆ. ಟೊಂಕದ ನೋವು ಮಾತ್ರ ದಿನವಿಡೀ ಇರುತ್ತದೆ. ಟೈಫಾಯ್ಡ್ ಎಂದು ಎರಡು ಸಲ ಚಿಕಿತ್ಸೆಯಾಯಿತು, ಎರಡು ಸಲವೂ ಜ್ವರ ಇಳಿದು ಮತ್ತೆ ಬಂತು. ಈಗಿನ ವೈದ್ಯರು ಬ್ರೂಸೆಲ್ಲಾ ಎಂಬ ಪರೀಕ್ಷೆಗೆ ಬರೆದುಕೊಟ್ಟು, ಕುರಿಗಳಿಂದ ಬಂದಿರಬಹುದು ಎಂದಿದ್ದಾರೆ. ಕಳೆದ ಚಳಿಗಾಲದಲ್ಲಿ ನಮ್ಮ ಹಿಂಡಿನ ಕೆಲವು ಗಬ್ಬದ ಕುರಿಗಳು ಕಂದು ಹಾಕಿದ್ದು ನಿಜ. ಕುರಿಯ ರೋಗ ಮನುಷ್ಯರಿಗೂ ಬರುತ್ತದೆಯೇ? ಮನೆಯಲ್ಲಿ ತಂಗಿ ಬಸುರಿ, ಚಿಕ್ಕ ಮಕ್ಕಳೂ ಇದ್ದಾರೆ. ತಂದೆಯನ್ನು ಬೇರೆ ಇರಿಸಬೇಕೇ? ಹಾಲು ಬಿಡಬೇಕೇ? ಕುರಿಗಳನ್ನು ಮಾರಿಬಿಡುವುದು ಒಳ್ಳೆಯದೇ?

ಉತ್ತರ: ಬರುತ್ತದೆ. ನೀವು ವರ್ಣಿಸಿರುವ ಸಂಜೆಯ ಜ್ವರ, ರಾತ್ರಿಯ ಬೆವರು, ಟೊಂಕ ನೋವು, ಇಳಿದು ಮತ್ತೆ ಏರುವ ತಾಪ ಇವೆಲ್ಲವೂ ಬ್ರೂಸೆಲ್ಲೋಸಿಸ್ ಎಂಬ ಕಾಯಿಲೆಗೆ ಚೆನ್ನಾಗಿ ಹೊಂದುತ್ತವೆ. ಪಶುವೈದ್ಯರು ಕಂದು ರೋಗ, ಅಂದರೆ ಗಬ್ಬ ಕಳಚಿ ಬೀಳುವ ರೋಗ, ಎನ್ನುವುದು ಇದನ್ನೇ. ಆದರೆ ಹೊಂದುತ್ತದೆ ಎಂದಮಾತ್ರಕ್ಕೆ ಅದೇ ಎಂದು ತೀರ್ಮಾನಿಸಲಾಗದು, ಪರೀಕ್ಷೆ ಆಗಲೇಬೇಕು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಕುರಿಗಳು ಕಂದು ಹಾಕಿದವು ಎಂಬ ಒಂದು ಸಾಲು. ಮೊದಲ ಎರಡು ಸಲ ಚಿಕಿತ್ಸೆ ಕೊಟ್ಟ ವೈದ್ಯರಿಗೆ ಈ ವಿಷಯವನ್ನು ಯಾರಾದರೂ ಹೇಳಿದ್ದರೇ ಎಂಬುದು ಪತ್ರದಿಂದ ತಿಳಿಯುವುದಿಲ್ಲ. ಬಹುಶಃ ಹೇಳಿರಲಾರಿರಿ, ಏಕೆಂದರೆ ಜ್ವರ ಬಂದವರ ಬಳಿ ಹಿಂಡಿನ ಸಮಾಚಾರವನ್ನು ಕೇಳುವ ವೈದ್ಯರು ಕಡಿಮೆ, ಕೇಳದೆ ತಾವಾಗಿ ಹೇಳುವ ರೋಗಿಗಳು ಇನ್ನೂ ಕಡಿಮೆ. ಕಂದು ಹಾಕಿದ್ದು ಚಳಿಗಾಲದ ಮಾತಾಗಿ, ಜ್ವರ ಅದಾದ ವಾರಗಳ ಮೇಲೆ ಬಂದಿದ್ದರೆ ಎರಡಕ್ಕೂ ಸಂಬಂಧವಿದೆ ಎಂದು ಮನೆಯವರಿಗೆ ಹೊಳೆಯದಿರುವುದೂ ಸಹಜವೇ.

ಈ ರೋಗಾಣುವಿನ ಹೆಸರು ಬ್ರೂಸೆಲ್ಲಾ. ಇದರಲ್ಲಿ ಹಲವು ಪ್ರಭೇದಗಳಿವೆ: ಹಸು, ಎಮ್ಮೆಗಳಲ್ಲಿ ಹೆಚ್ಚಾಗಿ ಕಾಣುವುದು ಬ್ರೂಸೆಲ್ಲಾ ಅಬಾರ್ಟಸ್, ಕುರಿ, ಆಡುಗಳಲ್ಲಿ ಕಾಣುವುದು ಬ್ರೂಸೆಲ್ಲಾ ಮೆಲಿಟೆನ್ಸಿಸ್. ಮನುಷ್ಯರಿಗೆ ಅತಿ ಹೆಚ್ಚು ತೊಂದರೆ ಕೊಡುವುದು ಈ ಎರಡನೆಯದೇ. ಮೆಲಿಟೆನ್ಸಿಸ್ ಎಂಬ ಹೆಸರಿನ ಹಿಂದೆ ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪವಿದೆ. ಅಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೈನಿಕರು ಬಹುಕಾಲ ಎಡೆಬಿಡದೆ ಜ್ವರದಿಂದ ನರಳುತ್ತಿದ್ದರು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯರು ಸತ್ತ ಸೈನಿಕರ ಗುಲ್ಮದಿಂದ ರೋಗಾಣುವನ್ನು ಬೇರ್ಪಡಿಸಿದರು. ಅದು ಬರುವುದು ಎಲ್ಲಿಂದ ಎಂಬುದು ತಿಳಿಯಲು ಮಾತ್ರ 1905ರವರೆಗೆ ಕಾಯಬೇಕಾಯಿತು. ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಝಮ್ಮಿಟ್, ನೋಡಲು ಆರೋಗ್ಯವಾಗಿಯೇ ಇದ್ದ ಆಡುಗಳ ರಕ್ತವನ್ನು ಪರೀಕ್ಷಿಸಿ, ರೋಗದ ಮೂಲ ಅವುಗಳಲ್ಲೇ ಇದೆ ಎಂದು ತೋರಿಸಿದರು. ಮರುವರ್ಷ ಸೈನಿಕರಿಗೆ ಆಡಿನ ಹಾಲು ಕೊಡುವುದನ್ನು ನಿಲ್ಲಿಸಿದೊಡನೆ ಪಡೆಯಲ್ಲಿ ಜ್ವರ ಗಣನೀಯವಾಗಿ ಇಳಿಯಿತು. ಇಷ್ಟು ಹಳೆಯ ಕಥೆಯನ್ನು ಹೇಳಿದ್ದು ಒಂದು ಕಾರಣಕ್ಕೆ: ಹಿಂಡಿನಲ್ಲಿರುವ ಕುರಿ ಮೇಯುತ್ತಿದೆ, ಮೈಕೈ ತುಂಬಿಕೊಂಡಿದೆ ಎಂದರೆ ಅದರಲ್ಲಿ ರೋಗಾಣು ಇಲ್ಲ ಎಂದರ್ಥವಲ್ಲ.

ಕುರಿಯ ದೇಹದಲ್ಲಿ ಈ ರೋಗಾಣು ನೆಲೆಸುವುದು ಮುಖ್ಯವಾಗಿ ಗರ್ಭಕೋಶದಲ್ಲಿ, ಕೆಚ್ಚಲಿನಲ್ಲಿ ಮತ್ತು ಟಗರಿನ ವೃಷಣದಲ್ಲಿ. ಗಬ್ಬದ ಕೊನೆಯ ತಿಂಗಳುಗಳಲ್ಲಿ ಕುರಿ ಕಂದು ಹಾಕಿದಾಗ ಹೊರಬೀಳುವ ಮರಿ, ನೀರು, ಮಾಸು ಇವುಗಳಲ್ಲಿ ರೋಗಾಣುಗಳು ಲೆಕ್ಕವಿಲ್ಲದಷ್ಟು ಇರುತ್ತವೆ. ಹಟ್ಟಿಯಲ್ಲಿ ನಡೆಯುವುದನ್ನು ಈಗ ನೆನಪಿಸಿಕೊಳ್ಳಿ. ಕುರಿ ಈಯಲು ತಿಣುಕುತ್ತಿದ್ದರೆ ಕುರಿಗಾರ ಬರಿಗೈಯಿಂದಲೇ ಮರಿಯನ್ನು ಎಳೆಯುತ್ತಾನೆ. ಮುಳ್ಳು ಬೇಲಿ ಕಡಿದು ಗೀರಿದ ಕೈ ಅದು, ಬೆರಳ ಸಂದಿಯ ಬಿರುಕುಗಳ ಮೂಲಕ ರೋಗಾಣು ಒಳಗೆ ಹೋಗಲು ಅಷ್ಟೇ ಸಾಕು. ಉಸಿರಾಡದ ಮರಿಯ ಮೂಗಿನ ಲೋಳೆಯನ್ನು ಬೆರಳಿನಿಂದ ತೆಗೆದು, ಕೆಲವರು ಬಾಯಿಟ್ಟು ಊದಿ ಬದುಕಿಸುವುದೂ ಉಂಟು. ಮಾಸು ಬೀಳದೆ ನೇತಾಡುತ್ತಿದ್ದರೆ ಕೈ ಹಾಕಿ ಎಳೆಯುತ್ತಾರೆ, ಬಿದ್ದದ್ದನ್ನು ಬೇಲಿಯಾಚೆ ಎಸೆಯುತ್ತಾರೆ, ಅದನ್ನು ನಾಯಿ ಕಚ್ಚಿಕೊಂಡು ಊರೆಲ್ಲ ತಿರುಗುತ್ತದೆ. ನಂತರ ಅದೇ ಕೈ ಕಣ್ಣುಜ್ಜಿಕೊಳ್ಳುತ್ತದೆ, ಬುತ್ತಿಯ ರೊಟ್ಟಿ ಮುರಿಯುತ್ತದೆ. ಹಟ್ಟಿ ಗುಡಿಸುವಾಗ ಏಳುವ ಧೂಳಿನೊಂದಿಗೆ ಉಸಿರಿನ ಮೂಲಕವೂ ರೋಗಾಣು ದೇಹ ಸೇರಬಲ್ಲದು. ನಮ್ಮ ಕಡೆಯ ಬಿಸಿಲಿಗೆ ಅದು ಬೇಗ ಸಾಯುತ್ತದೆ ನಿಜ, ಆದರೆ ನೆರಳು, ತೇವ, ಗೊಬ್ಬರ ಇರುವ ಕಡೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿದುಕೊಳ್ಳುತ್ತದೆ. ಇದರ ಜೊತೆಗೆ ಹಸಿ ಹಾಲಿನ ದಾರಿಯೂ ಇದೆ. ಅದಕ್ಕೆ ಮುಂದೆ ಬರುತ್ತೇನೆ.

ರೋಗಾಣು ದೇಹ ಸೇರಿದ ಮೇಲೆ ಲಕ್ಷಣಗಳು ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರ ಹಿಡಿಯುತ್ತದೆ, ಕೆಲವರಲ್ಲಿ ತಿಂಗಳುಗಳೇ ಆಗಬಹುದು. ಜ್ವರ ಥಟ್ಟನೆ ಬರುವುದೂ ಉಂಟು, ಗೊತ್ತಾಗದಂತೆ ಮೆಲ್ಲಗೆ ಹತ್ತುವುದೂ ಉಂಟು. ಚಿಕಿತ್ಸೆಯಾಗದಿದ್ದರೆ ಕೆಲವು ದಿನ ಏರಿ, ಕೆಲವು ದಿನ ಇಳಿದು, ಮತ್ತೆ ಏರುವ ಅಲೆಯಂಥ ಜ್ವರವಾಗುತ್ತದೆ. ಬೆವರು ವಿಪರೀತ, ಅದಕ್ಕೆ ಒಂದು ವಿಚಿತ್ರವಾದ ಮುಗ್ಗಲು ವಾಸನೆ ಇರುತ್ತದೆ ಎಂದು ಹೆಂಡತಿಯರೇ ಮೊದಲು ಗುರುತಿಸಿ ಹೇಳುವುದನ್ನು ಕೇಳಿದ್ದೇನೆ. ಹಸಿವು ಹೋಗುತ್ತದೆ, ತೂಕ ಇಳಿಯುತ್ತದೆ, ಕೀಲುಗಳು ನೋಯುತ್ತವೆ, ಎಂಥ ಗಟ್ಟಿ ಆಳಾದರೂ ಸುಸ್ತು ಸುಸ್ತು ಎನ್ನುತ್ತಾನೆ. ಮನಸ್ಸು ಕುಗ್ಗುವುದು, ಸಣ್ಣ ಮಾತಿಗೂ ಸಿಡುಕುವುದು ಈ ಕಾಯಿಲೆಯ ಭಾಗವೇ ಆಗಿರಬಹುದು. ಹೊರನೋಟಕ್ಕೆ ಏನೂ ಕಾಣದ ಕಾರಣ ಕೆಲಸಗಳ್ಳ ಎಂಬ ಹೆಸರು ಹೊತ್ತುಕೊಂಡ ರೋಗಿಗಳಿದ್ದಾರೆ. ವೈದ್ಯರು ಹೊಟ್ಟೆ ಒತ್ತಿ ನೋಡಿದರೆ ಗುಲ್ಮ, ಯಕೃತ್ತು ಸ್ವಲ್ಪ ಊದಿರುವುದು ತಿಳಿಯಬಹುದು.

ನಿಮ್ಮ ತಂದೆಯವರ ಟೊಂಕ ನೋವನ್ನು ಮಾತ್ರ ವಯಸ್ಸಿನ ನೋವು, ಭಾರ ಎತ್ತಿದ ನೋವು ಎಂದು ತಳ್ಳಿಹಾಕಬೇಡಿ. ಈ ರೋಗ ತೊಡಕಾಗಿ ತಿರುಗುವುದು ಹೆಚ್ಚಾಗಿ ಮೂಳೆ ಮತ್ತು ಕೀಲುಗಳಲ್ಲೇ, ಅದರಲ್ಲೂ ಬೆನ್ನುಮೂಳೆಯ ಕೆಳಭಾಗದಲ್ಲಿ ಮತ್ತು ಅದು ಸೊಂಟದ ಮೂಳೆಗೆ ಕೂಡುವ ಕೀಲಿನಲ್ಲಿ. ಗಂಡಸರಲ್ಲಿ ಒಂದು ಕಡೆಯ ವೃಷಣ ಊದಿ ನೋಯಬಹುದು. ಸಂಕೋಚದಿಂದ ಇದನ್ನು ಮುಚ್ಚಿಡುವವರೇ ಹೆಚ್ಚಾದ್ದರಿಂದ ನೀವೇ ತಂದೆಯವರನ್ನು ಕೇಳುವುದು, ಇಲ್ಲವೇ ವೈದ್ಯರು ಒಬ್ಬರೇ ಇರುವಾಗ ಕೇಳುವಂತೆ ಸೂಚಿಸುವುದು ಒಳ್ಳೆಯದು. ಅಪರೂಪಕ್ಕೆ ಮೆದುಳಿನ ಪೊರೆಗೆ, ಇನ್ನೂ ಅಪರೂಪಕ್ಕೆ ಹೃದಯದ ಕವಾಟಗಳಿಗೆ ಸೋಂಕು ತಗಲುತ್ತದೆ. ಈ ಕಾಯಿಲೆಯಿಂದ ಸಾಯುವವರು ನೂರಕ್ಕೆ ಇಬ್ಬರಿಗಿಂತ ಕಡಿಮೆ, ಆ ಸಾವುಗಳಲ್ಲಿ ಹೆಚ್ಚಿನವು ಹೃದಯದ ಸೋಂಕಿನಿಂದ ಆಗುವಂಥವು. ಆದ್ದರಿಂದ ಪ್ರಾಣಭಯಕ್ಕೆ ಕಾರಣವಿಲ್ಲ. ಆದರೆ ಸರಿಯಾದ ಚಿಕಿತ್ಸೆಯಿಲ್ಲದೆ ಬಿಟ್ಟರೆ ತಿಂಗಳು, ವರ್ಷಗಳ ಕಾಲ ದುಡಿಯಲಾಗದಂತೆ ಮಾಡುವ ರೋಗವಿದು.

ಟೈಫಾಯ್ಡ್ ಎಂಬ ತೀರ್ಮಾನಕ್ಕೆ ವೈದ್ಯರು ಎರಡು ಸಲವೂ ಬಂದದ್ದೇಕೆ ಎಂಬುದನ್ನು ಊಹಿಸಬಲ್ಲೆ. ನಮ್ಮ ಕಡೆ ವಾರ ದಾಟಿದ ಜ್ವರಕ್ಕೆ ಮೊದಲು ಮಾಡಿಸುವುದು ವಿಡಾಲ್ ಪರೀಕ್ಷೆ. ಟೈಫಾಯ್ಡ್ ಸಾಮಾನ್ಯವಾಗಿರುವ ಪ್ರದೇಶದಲ್ಲಿ ಹಿಂದೆಂದೋ ಆದ ಸೋಂಕಿನ ಗುರುತು ರಕ್ತದಲ್ಲಿ ಉಳಿದಿರುತ್ತದೆ, ಹೀಗಾಗಿ ಒಂದೇ ಒಂದು ವಿಡಾಲ್ ಪರೀಕ್ಷೆ ಪಾಸಿಟಿವ್ ಬಂದಮಾತ್ರಕ್ಕೆ ಈಗಿನ ಜ್ವರ ಟೈಫಾಯ್ಡ್ ಎಂದು ಹೇಳಲಾಗದು. ಅದಕ್ಕೆ ಕೊಡುವ ಆ್ಯಂಟಿಬಯಾಟಿಕ್‌ಗಳು ಬ್ರೂಸೆಲ್ಲಾವನ್ನೂ ಸ್ವಲ್ಪ ಮಟ್ಟಿಗೆ ತಡೆಯಬಹುದು, ಆದರೆ ಈ ರೋಗಾಣು ನಮ್ಮ ಜೀವಕೋಶಗಳ ಒಳಗೇ ಅಡಗಿ ಕೂರುವಂಥದು. ವಾರ, ಹತ್ತು ದಿನದ ಚಿಕಿತ್ಸೆಗೆ ಜ್ವರ ಇಳಿದು, ಔಷಧ ನಿಂತ ಮೇಲೆ ಮತ್ತೆ ತಲೆಯೆತ್ತುತ್ತದೆ. ಹತ್ತಿರದ ವಿಜಯಪುರದಲ್ಲಿ ಬಿ. ಜಿ. ಮಂಟೂರ ಮತ್ತು ಸಂಗಡಿಗರು 16 ವರ್ಷಗಳ ಅವಧಿಯಲ್ಲಿ ಕಂಡ 495 ವಯಸ್ಕ ಬ್ರೂಸೆಲ್ಲೋಸಿಸ್ ರೋಗಿಗಳ ವಿವರವನ್ನು 2006ರಲ್ಲಿ ಪ್ರಕಟಿಸಿದ್ದಾರೆ. ಕೃಷ್ಣೆಯ ಆಚೆ ಇಷ್ಟು ರೋಗಿಗಳು ಸಿಕ್ಕಿದ್ದು ಅಲ್ಲಿ ಹುಡುಕುವವರು ಇದ್ದುದರಿಂದ. ಅಷ್ಟೇ ಕುರಿ, ಆಡುಗಳಿರುವ ಕೊಪ್ಪಳ, ರಾಯಚೂರು, ಬಳ್ಳಾರಿಗಳಲ್ಲಿ ಕಾಯಿಲೆ ಇಲ್ಲವೇ ಇಲ್ಲ ಎಂದು ನಂಬಲು ನನಗೆ ಕಾರಣ ಕಾಣುವುದಿಲ್ಲ.

ಗೊಂದಲಕ್ಕೆ ಎಡೆಮಾಡುವ ಇನ್ನೊಂದು ಕಾಯಿಲೆ ಕ್ಷಯ. ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಯುವುದು, ಬೆನ್ನುಮೂಳೆಯ ನೋವು ಇವೆಲ್ಲ ಅದರಲ್ಲೂ ಇರುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ಕ್ಷಯಕ್ಕೆ ಕೊಡುವ ಮುಖ್ಯ ಔಷಧವಾದ ರಿಫಾಂಪಿಸಿನ್ ಬ್ರೂಸೆಲ್ಲಾದ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ಬ್ರೂಸೆಲ್ಲಾ ಇರುವವರಿಗೆ ತಪ್ಪಾಗಿ ಕ್ಷಯದ ಚಿಕಿತ್ಸೆ ಆರಂಭಿಸಿದರೆ ಮೊದಲಿಗೆ ಗುಣ ಕಂಡು, ತೀರ್ಮಾನ ಸರಿಯಾಗಿತ್ತು ಎಂಬ ಭ್ರಮೆ ಹುಟ್ಟಬಹುದು. ತಿರುವುಮುರುವಾಗಿ, ಕ್ಷಯವಿರುವವರಿಗೆ ಬ್ರೂಸೆಲ್ಲಾ ಎಂದು ಈ ಔಷಧ ಕೊಟ್ಟರೆ ಕ್ಷಯದ ರೋಗಾಣು ಅದಕ್ಕೆ ಮಣಿಯದಂತೆ ಬಲಿಯುವ ಅಪಾಯವಿದೆ. ಚಿಕಿತ್ಸೆ ಶುರುವಾಗುವ ಮುಂಚೆಯೇ ಎದೆಯ ಎಕ್ಸ್‌ರೇ, ಕಫ ಇದ್ದರೆ ಕಫದ ಪರೀಕ್ಷೆ, ಟೊಂಕ ನೋವು ಇಷ್ಟು ದಿನದಿಂದ ಇರುವುದರಿಂದ ಸಾಧ್ಯವಾದರೆ ಬೆನ್ನುಮೂಳೆಯ ಎಂಆರ್‌ಐ, ಇಷ್ಟನ್ನು ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ.

ಬ್ರೂಸೆಲ್ಲಾ ಪರೀಕ್ಷೆಯಲ್ಲಿ ಹಲವು ಬಗೆಗಳಿವೆ. ರೋಸ್ ಬೆಂಗಾಲ್ ಎಂಬ ಪರೀಕ್ಷೆಯ ಫಲಿತಾಂಶ ಕೆಲವೇ ನಿಮಿಷಗಳಲ್ಲಿ ದೊರೆಯುತ್ತದೆ, ಆದರೆ ಅದು ಸೋಸಿ ನೋಡಲಷ್ಟೇ ಸಾಕು. ಅದರ ಮೇಲೆ ಕೊಳವೆಯಲ್ಲಿ ಮಾಡುವ ಅಗ್ಲುಟಿನೇಷನ್ ಪರೀಕ್ಷೆ (ರೋಗಿಯ ರಕ್ತದ ತಿಳಿ ಬೆರೆಸಿದಾಗ ರೋಗಾಣುಗಳು ಗುಂಪುಗೂಡುತ್ತವೆಯೇ ಎಂದು ನೋಡುವುದು) ಅಥವಾ ಎಲೈಸಾ ಎಂಬ ರಕ್ತ ಪರೀಕ್ಷೆ ಆಗಬೇಕು. ರೋಗದ ಲಕ್ಷಣಗಳಿರುವವರಲ್ಲಿ ಅಗ್ಲುಟಿನೇಷನ್ ಪ್ರಮಾಣ 1:160 (ಅಂದರೆ ರಕ್ತದ ತಿಳಿಯನ್ನು 160 ಪಟ್ಟು ತೆಳುಮಾಡಿದರೂ ಗುಂಪುಗೂಡುವುದು) ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೋಂಕು ಇದೆ ಎಂದು ಪರಿಗಣಿಸುತ್ತಾರೆ. ಎಲ್ಲಕ್ಕಿಂತ ಖಚಿತವಾದದ್ದು ರಕ್ತದಿಂದ ರೋಗಾಣುವನ್ನೇ ಬೆಳೆಸುವ ಕಲ್ಚರ್. ಅದಕ್ಕೆ ರಕ್ತವನ್ನು ಆ್ಯಂಟಿಬಯಾಟಿಕ್ ಆರಂಭಿಸುವ ಮುಂಚೆ ತೆಗೆಯಬೇಕು, ರೋಗಾಣು ನಿಧಾನವಾಗಿ ಬೆಳೆಯುವುದರಿಂದ ಬೇಗ ಕೈಬಿಡದೆ ಕಾಯಬೇಕು. ಬ್ರೂಸೆಲ್ಲಾದ ಅನುಮಾನವಿದೆ ಎಂದು ಪ್ರಯೋಗಾಲಯಕ್ಕೆ ಮೊದಲೇ ತಿಳಿಸಿರಬೇಕು, ಏಕೆಂದರೆ ಪ್ರಯೋಗಾಲಯದ ಸಿಬ್ಬಂದಿಗೆ ಕೆಲಸದ ಮೇಜಿನಲ್ಲೇ ತಗಲುವ ಸೋಂಕುಗಳಲ್ಲಿ ಇದು ಹೆಸರಾದದ್ದು. ನಿಮ್ಮ ಊರಿನ ಹತ್ತಿರ ಸೌಲಭ್ಯ ಇಲ್ಲದಿದ್ದರೆ ಕೊಪ್ಪಳ, ರಾಯಚೂರು ಅಥವಾ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋಗಿ, ಕುರಿಗಳು ಕಂದು ಹಾಕಿದ ವಿಷಯವನ್ನು ಮೊದಲ ಮಾತಿನಲ್ಲೇ ಹೇಳಿ. ಕುರಿಗಳಿಂದ ಬರುವ ಕ್ಯೂ ಜ್ವರ ಎಂಬ ಇನ್ನೊಂದು ಸೋಂಕು ಕೂಡ ಹೀಗೆಯೇ ಕಾಡಬಲ್ಲದು. ಬ್ರೂಸೆಲ್ಲಾ ಇಲ್ಲ ಎಂದು ಬಂದರೆ ಆ ದಿಕ್ಕಿನಲ್ಲಿ ನೋಡಲು ಅವರಿಗೆ ಈ ಮಾತು ನೆರವಾಗುತ್ತದೆ.

ಸೋಂಕು ಖಚಿತವಾದರೆ ಚಿಕಿತ್ಸೆ ಇದೆ, ಅದು ದುಬಾರಿಯೂ ಅಲ್ಲ. ವಯಸ್ಕರಿಗೆ ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಆರು ವಾರ ಕೊಡುತ್ತಾರೆ. ಅದರ ಜೊತೆಗೆ ಅಷ್ಟೇ ಅವಧಿಗೆ ರಿಫಾಂಪಿಸಿನ್, ಇಲ್ಲವೇ ಮೊದಲ ಎರಡು ಮೂರು ವಾರ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು ಅಥವಾ ಮೊದಲ ಏಳರಿಂದ ಹತ್ತು ದಿನ ಜೆಂಟಾಮೈಸಿನ್ ಚುಚ್ಚುಮದ್ದು ಇರುತ್ತದೆ. ಯಾವುದೊಂದೇ ಔಷಧದಿಂದ ಈ ರೋಗ ಪೂರ್ಣ ಹೋಗುವುದಿಲ್ಲ. ಬೆನ್ನುಮೂಳೆಗೆ ತಗಲಿದ್ದರೆ ಅವಧಿ ಮೂರು ತಿಂಗಳು ಅಥವಾ ಅದಕ್ಕೂ ಹೆಚ್ಚು. ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಒಂದು ದೊಡ್ಡ ಲೋಟ ನೀರಿನೊಂದಿಗೆ, ಕುಳಿತೇ ತೆಗೆದುಕೊಳ್ಳಬೇಕು. ನುಂಗಿ ತಕ್ಷಣ ಮಲಗಿದರೆ ಅದು ಅನ್ನನಾಳದಲ್ಲಿ ನಿಂತು ಹುಣ್ಣು ಮಾಡುತ್ತದೆ. ಹಾಲು, ಎದೆಯುರಿಯ ಔಷಧ, ಕಬ್ಬಿಣದ ಮಾತ್ರೆ ಇವುಗಳ ಜೊತೆ ತೆಗೆದುಕೊಳ್ಳಬಾರದು, ಬಿಸಿಲಿಗೆ ಚರ್ಮ ಬೇಗ ಸುಡುವುದರಿಂದ ತಲೆಗೆ ರುಮಾಲು, ಮೈಗೆ ತುಂಬುತೋಳಿನ ಅಂಗಿ ಇರಲಿ. ರಿಫಾಂಪಿಸಿನ್‌ನಿಂದ ಮೂತ್ರ, ಬೆವರು ಕೇಸರಿ ಕೆಂಪಾಗುತ್ತದೆ. ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ಬಿಟ್ಟವರನ್ನು ಕಂಡಿದ್ದೇನೆ, ಅದು ಔಷಧದ ಬಣ್ಣವಷ್ಟೇ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳೇನಾದರೂ ನಡೆಯುತ್ತಿದ್ದರೆ ವೈದ್ಯರಿಗೆ ತಿಳಿಸಿ, ರಿಫಾಂಪಿಸಿನ್ ಅನೇಕ ಔಷಧಗಳ ಪರಿಣಾಮವನ್ನು ಕುಗ್ಗಿಸುತ್ತದೆ.

ಹೆಚ್ಚಿನವರು ಎಡವುವುದು ಎರಡನೆಯ ವಾರದಲ್ಲಿ. ಜ್ವರ ಅಷ್ಟರಲ್ಲಿ ನಿಂತಿರುತ್ತದೆ, ಹಸಿವು ಮರಳಿರುತ್ತದೆ, ಹಿಂಡು ಹೊರಡುವ ಕಾಲ ಬಂದಿರುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಭತ್ತದ ಕೊಯಿಲು ಮುಗಿದ ಗದ್ದೆಗಳಲ್ಲಿ ಹಿಂಡು ನಿಲ್ಲಿಸಲು ಊರು ಬಿಟ್ಟವರು ಮಾತ್ರೆ ಮುಗಿದರೆ ಮತ್ತೆ ತರಲು ಬರುವುದಿಲ್ಲ. ಚಿಕಿತ್ಸೆ ಪೂರ್ತಿ ಮಾಡಿದವರಲ್ಲೇ ನೂರಕ್ಕೆ ಐದರಿಂದ ಹದಿನೈದು ಮಂದಿಗೆ ರೋಗ ಮರುಕಳಿಸುತ್ತದೆ, ಅರ್ಧಕ್ಕೆ ಬಿಟ್ಟವರ ಪಾಡು ಹೇಳಬೇಕಿಲ್ಲ. ತಂದೆಯವರು ಹಿಂಡಿನ ಜೊತೆ ಹೋಗಲೇಬೇಕಾದರೆ ಆರು ವಾರಕ್ಕೆ ಸಾಲುವಷ್ಟು ಔಷಧವನ್ನು ವೈದ್ಯರಿಗೆ ಹೇಳಿ ಒಟ್ಟಿಗೇ ಪಡೆಯಿರಿ. ಮರುಕಳಿಸುವುದು ಹೆಚ್ಚಾಗಿ ಮೊದಲ ಆರು ತಿಂಗಳಲ್ಲಿ, ಹಾಗಾಗಿ ವರ್ಷದ ತನಕ ಆಗಾಗ ತೋರಿಸುತ್ತಿರಬೇಕು. ಗುಣವಾದ ಮೇಲೂ ರಕ್ತ ಪರೀಕ್ಷೆ ಬಹಳ ಕಾಲ ಪಾಸಿಟಿವ್ ಬರುತ್ತಿರಬಹುದು. ಲಕ್ಷಣಗಳಿಲ್ಲದೆ ಕಾಗದದ ಮೇಲಿನ ಅಂಕಿಯೊಂದನ್ನೇ ನೋಡಿ ಮತ್ತೆ ಔಷಧ ಆರಂಭಿಸುವ ಅಗತ್ಯವಿಲ್ಲ.

ತಂದೆಯವರನ್ನು ಬೇರೆ ಇರಿಸಬೇಕಿಲ್ಲ. ತಟ್ಟೆ, ಲೋಟ, ಹಾಸಿಗೆ ಬೇರೆ ಮಾಡುವುದರಿಂದ ಅವರ ಮನಸ್ಸು ನೋಯುತ್ತದೆಯೇ ಹೊರತು ಲಾಭವೇನಿಲ್ಲ. ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಈ ರೋಗ ಹರಡುವುದು ತೀರಾ ಅಪರೂಪ. ಆದರೆ ಒಂದೇ ಹಟ್ಟಿಯಲ್ಲಿ ದುಡಿದು ಅದೇ ಹಾಲು ಕುಡಿದ ಮನೆಯವರಿಗೂ ಅದೇ ಮೂಲದಿಂದ ಸೋಂಕು ತಗಲಿರಬಹುದು. ಯಾರಿಗಾದರೂ ಬಿಡದ ಜ್ವರ, ಕೀಲು ನೋವು ಇದ್ದರೆ ಅವರಿಗೂ ಪರೀಕ್ಷೆ ಮಾಡಿಸಿ. ಮಕ್ಕಳಲ್ಲಿ ಇದು ಹಲವೊಮ್ಮೆ ಮೊಣಕಾಲು ಅಥವಾ ಸೊಂಟದ ಕೀಲು ನೋವಾಗಿ, ಕುಂಟುವುದಾಗಿ ಕಾಣಿಸಿಕೊಳ್ಳುತ್ತದೆ. ನಿಮ್ಮ ತಂಗಿಯ ವಿಷಯದಲ್ಲಿ ಮಾತ್ರ ಕಾಯಬೇಡಿ. ಗರ್ಭಿಣಿಯರಲ್ಲಿ ಈ ಸೋಂಕಿನಿಂದ ಗರ್ಭಪಾತವಾಗುವ ಸಾಧ್ಯತೆ ಇರುವುದರಿಂದ, ಜ್ವರವಿಲ್ಲದಿದ್ದರೂ ಹಟ್ಟಿಯ ಸಂಪರ್ಕವಿತ್ತು ಎಂದು ಅವರನ್ನು ನೋಡುತ್ತಿರುವ ಹೆರಿಗೆ ವೈದ್ಯರಿಗೆ ತಿಳಿಸಿ, ಪರೀಕ್ಷೆಯ ಬಗ್ಗೆ ಕೇಳಿ. ಗರ್ಭಿಣಿಯರಿಗೂ ಎಂಟು ವರ್ಷದೊಳಗಿನ ಮಕ್ಕಳಿಗೂ ಔಷಧಗಳು ಬೇರೆ, ತಂದೆಗೆ ಬರೆದ ಮಾತ್ರೆಯನ್ನು ಇವರಿಗೆ ಕೊಡಕೂಡದು. ಕುರಿ ಈಯುವ ಕಡೆಗೂ ಹಟ್ಟಿ ಗುಡಿಸುವ ಕೆಲಸಕ್ಕೂ ತಂಗಿಯನ್ನು ಕಳುಹಿಸಬೇಡಿ.

ಹಾಲು ಬಿಡಬೇಕಿಲ್ಲ, ಹಸಿ ಹಾಲು ಬಿಡಬೇಕು. ಕರೆದ ಕೂಡಲೇ ನೊರೆಹಾಲು ಕುಡಿದರೆ ಮೈಗೆ ಬಲ, ಆಡಿನ ಹಸಿ ಹಾಲು ಮಕ್ಕಳ ಕೆಮ್ಮಿಗೆ ಮದ್ದು ಎಂಬ ನಂಬಿಕೆಗಳು ನಮ್ಮಲ್ಲಿವೆ. ಈ ರೋಗದ ಮಟ್ಟಿಗೆ ಅವು ಅಪಾಯಕಾರಿ. ಹಾಲು ಉಕ್ಕಿ ಬರುವಂತೆ ಕಾಯಿಸಿದರೆ ರೋಗಾಣು ಸಾಯುತ್ತದೆ, ನಮ್ಮ ಭಾಗದ ರಾಬಕೊವಿ ಹಾಲು ಒಕ್ಕೂಟದ ಪಾಕೀಟಿನ ಹಾಲಿನಂತೆ ಪಾಶ್ಚರೀಕರಿಸಿದ ಹಾಲಿನಲ್ಲೂ ಅದು ಉಳಿಯುವುದಿಲ್ಲ. ಹಸಿ ಹಾಲಿಗೆ ಹೆಪ್ಪು ಹಾಕಿದ ಮೊಸರಿನ ಹುಳಿಯನ್ನು ನಂಬುವಂತಿಲ್ಲ, ಕಾಯಿಸಿದ ಹಾಲಿಗೇ ಹೆಪ್ಪು ಹಾಕಿ. ಗಿಣ್ಣದ ಹಾಲು ಹೊಸದಾಗಿ ಈದ ಪ್ರಾಣಿಯದಾದ್ದರಿಂದ ಅದನ್ನು ಒಳಗಿನವರೆಗೂ ಚೆನ್ನಾಗಿ ಬೇಯಿಸಬೇಕು. ಬೇಯಿಸಿದ ಮಾಂಸ ತಿನ್ನಲು ಅಡ್ಡಿಯಿಲ್ಲ, ಆದರೆ ಕೊಯ್ದು ಸ್ವಚ್ಛ ಮಾಡುವವರ ಕೈಗೆ ಗಾಯವಿರಬಾರದು ಮತ್ತು ಕರಳು, ಗುಲ್ಮ, ಯಕೃತ್ತುಗಳನ್ನು ಅರೆಬೆಂದಂತೆ ತಿನ್ನಬಾರದು.

ಇನ್ನು ಹಿಂಡಿನ ಮಾತು. ಕಂದು ಹಾಕಿದ ಕುರಿಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಬೇಡಿ ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಹಾಗೆ ಮಾರಿದ ಕುರಿ ಇನ್ನೊಬ್ಬರ ಹಟ್ಟಿ ಸೇರಿ, ಅಲ್ಲಿಯ ಕುರಿಗಾರನಿಗೂ ಇದೇ ಜ್ವರ ತರುತ್ತದೆ. ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಗೆ 2009ರಲ್ಲಿ ಬಂದ ಕೇಂದ್ರ ಕಾಯಿದೆಯ ಪಟ್ಟಿಯಲ್ಲೂ ಈ ರೋಗವಿದೆ. ಒಮ್ಮೆ ಕಂದು ಹಾಕಿದ ಕುರಿ ಮುಂದಿನ ಸಲ ಸರಿಯಾಗಿಯೇ ಈಯಬಹುದು, ಆಗ ಗುಣವಾಯಿತು ಎಂದು ಸಾಕಿದವರು ತಿಳಿಯುತ್ತಾರೆ. ಆದರೆ ಅದರ ಹಾಲಿನಲ್ಲಿ ಮತ್ತು ಪ್ರತಿ ಸಲ ಬೀಳುವ ಮಾಸಿನಲ್ಲಿ ರೋಗಾಣು ಹೊರಬರುತ್ತಲೇ ಇರಬಹುದು. ಮನುಷ್ಯರಿಗೆ ಕೊಡುವಂತೆ ವಾರಗಟ್ಟಲೆ ಔಷಧ ಕೊಟ್ಟು ಕುರಿಗಳನ್ನು ಗುಣಪಡಿಸುವುದು ಕಾರ್ಯಸಾಧ್ಯವಲ್ಲ. ಹಾಗೆಂದು ಹಿಂಡನ್ನೇ ಕಳೆದುಕೊಳ್ಳುವ ಅಗತ್ಯವೂ ಇಲ್ಲ. ಕುರಿಗಳು ಕಂದು ಹಾಕಲು ಬೇರೆ ಸೋಂಕುಗಳೂ ಕಾರಣವಾಗಬಹುದಾದ್ದರಿಂದ, ಮೊದಲು ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ಹಿಂಡಿನ ರಕ್ತ ಪರೀಕ್ಷೆ ಮಾಡಿಸಿ. ಈ ರೋಗದ ಕುರಿತು ಕೆಲಸ ಮಾಡುವ ನಿವೇದಿ ಎಂಬ ರಾಷ್ಟ್ರೀಯ ಸಂಸ್ಥೆ ಬೆಂಗಳೂರಿನ ಯಲಹಂಕದಲ್ಲಿದೆ, ಪಶುವೈದ್ಯರು ಬೇಕಾದರೆ ಅಲ್ಲಿನ ನೆರವನ್ನೂ ಕೋರಬಹುದು. ಸೋಂಕು ಕಂಡ ಕುರಿಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಪಶುವೈದ್ಯರ ಸಲಹೆಯಂತೆ ತೆಗೆದುಹಾಕಬೇಕಾಗುತ್ತದೆ. ಅದರ ನಷ್ಟ ಸಣ್ಣದಲ್ಲ ಎಂಬುದನ್ನು ಬಲ್ಲೆ, ಆದರೆ ವರ್ಷವರ್ಷವೂ ಮರಿ ಕಳೆದುಕೊಳ್ಳುವ ಕುರಿಯನ್ನು ಸಾಕುವುದೂ ನಷ್ಟವೇ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಹಾಕುವ ಕಂದು ರೋಗದ ಲಸಿಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣು ಕರುಗಳಿಗೆ, ಅಂದರೆ ಹಸು ಮತ್ತು ಎಮ್ಮೆಯ ಕರುಗಳಿಗೆ ಮೀಸಲು. ಮನೆಯಲ್ಲಿ ಅಂಥ ಕರುಗಳಿದ್ದರೆ ಹಾಕಿಸಿ. ಮನುಷ್ಯರಿಗೆ ಬಳಕೆಯಲ್ಲಿರುವ ಲಸಿಕೆ ಇಲ್ಲ.

ಮುಂದಿನ ಸಲ ಕುರಿ ಈಯುವಾಗ ಕೈಗೆ ಉದ್ದನೆಯ ರಬ್ಬರ್ ಗವಸು ಹಾಕಿಕೊಳ್ಳಿ. ಅದು ಸಿಗದಿದ್ದರೆ ದಪ್ಪ ಪ್ಲಾಸ್ಟಿಕ್ ಚೀಲವನ್ನಾದರೂ ಮೊಣಕೈವರೆಗೆ ಕಟ್ಟಿಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಸುತ್ತಿಕೊಳ್ಳಿ, ಮರಿಯ ಬಾಯಿಗೆ ಬಾಯಿಟ್ಟು ಊದಬೇಡಿ, ಬದಲಿಗೆ ಒಣ ಬಟ್ಟೆಯಿಂದ ಮೂಗು ಒರೆಸಿ ಮೈಯನ್ನು ಚೆನ್ನಾಗಿ ತಿಕ್ಕಿ. ಮಾಸನ್ನೂ ಸತ್ತ ಮರಿಯನ್ನೂ ನಾಯಿ ಕೆದರದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ಕುರಿ ಈದ ಜಾಗಕ್ಕೂ ಸುಣ್ಣ ಅಥವಾ ಬ್ಲೀಚಿಂಗ್ ಪುಡಿ ಹಾಕಿ. ಈದ ಕುರಿಗಳಿಗೆ ಹಟ್ಟಿಯಲ್ಲಿ ಬಿಸಿಲು ಬೀಳುವ ಒಂದು ಮೂಲೆಯನ್ನು ಬೇರೆಯಾಗಿಡಿ. ಹೊಸ ಟಗರನ್ನು ತಂದಾಗ ಹಿಂಡಿಗೆ ಬಿಡುವ ಮುಂಚೆ ಅದರ ವೃಷಣ ಊದಿದೆಯೇ ಎಂದು ಮುಟ್ಟಿ ನೋಡಿ, ಒಂದು ತಿಂಗಳು ಪ್ರತ್ಯೇಕವಾಗಿ ಕಟ್ಟಿ, ರಕ್ತ ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆಯೇ ಹಿಂಡಿಗೆ ಸೇರಿಸಿ.